ಪೆನ್ಸಿಲ್ ಪದರಶಾಸ್ತ್ರ: ಗಿಬ್ಬನ್ ಓದಿ ಇಂಗ್ಲಿಷ್ ಗಳಿಸುವವರ ಕುರಿತೊಂದು ಪ್ರೌಢ ವಿಚಾರ

ಹಂಪಿಯ ಮಣ್ಣನ್ನು ಪದರಪದರವಾಗಿ ಬಿಡಿಸಿ ಕಾಲನಿರ್ಣಯ ಮಾಡುವ ವಿದ್ವಾಂಸರಿಗೆ ಈ ನಾಡಿನಲ್ಲಿ ಬರವಿಲ್ಲ. ಆದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಧೂಳು ಕುಡಿಯುತ್ತಿರುವ ಹಳೆಯ ಇಂಗ್ಲಿಷ್ ಗ್ರಂಥಗಳ ಅಂಚಿನ ಪೆನ್ಸಿಲ್ ಬರಹಕ್ಕೆ ಇನ್ನೂ ಒಬ್ಬ ಪುರಾತತ್ತ್ವಜ್ಞ ಹುಟ್ಟಿಲ್ಲ. ಆ ಕೊರತೆಯನ್ನು ನೀಗಿಸುವುದೇ ಈ ಪ್ರಬಂಧದ ಘನ ಉದ್ದೇಶ.

ಇಂಗ್ಲಿಷ್ ಬರಬೇಕಾದರೆ ಕಬ್ಬಿಣದ ಕಡಲೆಯನ್ನೇ ಜಗಿಯಬೇಕು, ಕಥೆ ಕಾದಂಬರಿಯ ಮಂಡಕ್ಕಿಯಿಂದ ಹಲ್ಲು ಗಟ್ಟಿಯಾಗದು ಎನ್ನುವುದು ಒಂದು ಪಂಥ. ಅದರ ಆದಿಪುರುಷರು ಬೆಂಗಳೂರಿನಲ್ಲೇ ದೀಕ್ಷೆ ಪಡೆದರು. ಇದಕ್ಕೆ ಕನ್ನಡಿಗರು ಹೆಮ್ಮೆಪಡಬೇಕೋ ಬೇಡವೋ ಎಂಬುದು ಬೇರೆಯೇ ಪ್ರಬಂಧದ ವಿಷಯ. 1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ ದಂಡಿಗೆ ಬಂದಿಳಿದಾಗ ವಿನ್‌ಸ್ಟನ್ ಚರ್ಚಿಲ್ ಸಾಹೇಬರಿಗೆ 21 ವರ್ಷ. ಲಾಯದ ಕೆಲಸ ಮುಗಿದ ಮೇಲಿನಿಂದ ಸಂಜೆಯ ಪೋಲೋ ಆಟದವರೆಗೆ, ಮಿಕ್ಕವರು ನಿದ್ದೆ ತೆಗೆಯುವ ಹೊತ್ತಿನಲ್ಲಿ, ಇವರು ಎಡ್ವರ್ಡ್ ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸವನ್ನು ಕಬಳಿಸುತ್ತಿದ್ದರು.

1930ರ ಆತ್ಮಕಥೆಯಲ್ಲಿ ಅವರು ತಮ್ಮ ಆಗಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಪದಗಳೇನೋ ಧಾರಾಳವಾಗಿದ್ದವು, ಎಷ್ಟೋ ಪದಗಳ ಅರ್ಥ ಮಾತ್ರ ಖಚಿತವಿರಲಿಲ್ಲ, ಎಲ್ಲಿ ನಗೆಪಾಟಲಾದೇನೋ ಎಂದು ಬಳಸಲು ಅಂಜಿಕೆ. 'ಎಥಿಕ್ಸ್' ಎಂದರೇನು ಎಂಬುದನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಡುತ್ತೇನೆಂದರೂ ಹೇಳುವವರು ಸಿಗಲಿಲ್ಲವಂತೆ. ಸಾಹೇಬರು ದಂಡು ದಾಟಿ ಪೇಟೆ ಕಡೆ ಬಂದು ಕೇಳಿದ್ದರೆ ನಾಲ್ಕು ಮಂದಿ ಪಂಡಿತರು ಪುಕ್ಕಟೆಯಾಗಿಯೇ ಹೇಳುತ್ತಿದ್ದರು; ಅವರನ್ನು ನಿಲ್ಲಿಸುವುದಕ್ಕೆ ದುಡ್ಡು ಕೊಡಬೇಕಾಗುತ್ತಿತ್ತು.

ಈ ವಿಧಾನಕ್ಕೆ ಬೇಕಾದ ಸಾಮಗ್ರಿಯನ್ನೂ ಅದೇ ಆತ್ಮಕಥೆಯಿಂದ ಸಂಗ್ರಹಿಸಬಹುದು: ಗೆಳೆಯರೊಂದಿಗೆ ಒಂದು ಬಂಗಲೆ, ಒಬ್ಬ ಬಟ್ಲರ್, ಉಡುಪು ತೊಡಿಸಲು ಒಬ್ಬ ಹುಡುಗ, ಕುದುರೆಗೊಬ್ಬ ಆಳು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸಿನ ಕಂಬ ಹಿಡಿದು ನಿಂತ ಅಭ್ಯರ್ಥಿಗೆ ಫಲ ತಡವಾದರೆ ವಿಧಾನವನ್ನು ದೂರಬಾರದು.

ಇನ್ನು ಉತ್ಖನನ. ಅವೆನ್ಯೂ ರಸ್ತೆಯ ಗಿಬ್ಬನ್ ಪ್ರತಿಯೊಂದರಲ್ಲಿ ಮೂರು ಪದರಗಳು ಸ್ಪಷ್ಟವಾಗಿವೆ. ಮೊದಲನೆಯದು ಸಾಂದ್ರ ಯುಗ: ಸಾಲುಸಾಲಿಗೂ ಕೆಳಗೆ ಗೆರೆ, ಮೇಲೆ ಗುಂಡು ಅಕ್ಷರದಲ್ಲಿ ಕನ್ನಡ ಅರ್ಥ. ಎರಡನೆಯದು ವಿರಳ ಯುಗ: ಗೆರೆ ಇದೆ, ಅರ್ಥ ಇಲ್ಲ, ಸಂಜೆ ನಿಘಂಟು ನೋಡೋಣ ಎಂಬ ಸಂಕಲ್ಪದ ಕಾಲ. ಆ ಬಳಿಕ ಒಂದು ಬಸ್ ಟಿಕೆಟ್. ಅಲ್ಲಿಂದಾಚೆಗೆ ಶೂನ್ಯ ಯುಗ.

ಸಾಂದ್ರ ಯುಗದ ಒಂದು ಶಾಸನ ವಿಶೇಷ ಗಮನಕ್ಕೆ ಅರ್ಹ. 'ಸೂಪೈನ್' ಎಂಬ ಪದದ ನೆತ್ತಿಯ ಮೇಲೆ 'ಅಂಗಾತ ಮಲಗಿದ' ಎಂದು ಬರೆದಿದೆ. ನಿಘಂಟು ಕೊಡುವ ಮೊದಲ ಅರ್ಥ ಅದೇ. ಗಿಬ್ಬನ್ ಮಹಾಶಯರ ಇಂಗಿತ ಮೈಗಳ್ಳತನ, ಯಾವುದಕ್ಕೂ ಮಿಸುಕದ ಜಡತ್ವ. ಆದ್ದರಿಂದ ಈ ಅಜ್ಞಾತ ಓದುಗನ ಕಣ್ಣಿನಲ್ಲಿ ವೈರಿಗಳು ಬಾಗಿಲಿಗೆ ಬಂದಾಗಲೆಲ್ಲ ರೋಮಿನ ದೊರೆಗಳು ಬೆನ್ನು ನೆಲಕ್ಕೆ ಹಚ್ಚಿ ಜಂತಿ ನೋಡುತ್ತಿದ್ದರು. ಅರ್ಥ ತಪ್ಪಿತು, ಚಿತ್ರ ತಪ್ಪಲಿಲ್ಲ. ಆ ಪದವನ್ನು ಅವನು ಜನ್ಮದಲ್ಲಿ ಮರೆತಿರಲಾರ.

ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು ಪುಟದ ಶೇ. 98ರಷ್ಟು ಪದಗಳು ಗೊತ್ತಿರಬೇಕು, ಅಂದರೆ ಐವತ್ತಕ್ಕೆ ಒಂದಷ್ಟೇ ಅಪರಿಚಿತ. ಅದಕ್ಕೆ 8,000ದಿಂದ 9,000 ಪದಕುಟುಂಬಗಳ ಪರಿಚಯ ಬೇಕು. 'ಆ್ಯಕ್ಟ್', 'ಆ್ಯಕ್ಷನ್', 'ಆ್ಯಕ್ಟಿವ್' ಒಂದೇ ಒಲೆಯವು ಎಂಬ ಅರ್ಥದಲ್ಲಿ ಕುಟುಂಬ. ನಮ್ಮ ಪ್ರತಿಯಲ್ಲಿ ಐವತ್ತಕ್ಕೆ ಎಷ್ಟು ಗೆರೆ ಎಂದು ಎಣಿಸಹೊರಟ ಸಂಶೋಧಕರು ಮೂರನೆಯ ಸಾಲಿನಲ್ಲೇ ಕಾಫಿಗೆ ಎದ್ದರು.

ಚರ್ಚಿಲ್ ಸಾಹೇಬರೂ ಅಂಚಿನಲ್ಲಿ ಗೀಚಿದವರೇ. ಆದರೆ ಅವರು ಗೀಚಿದ್ದು ತಮ್ಮ ಅಭಿಪ್ರಾಯಗಳನ್ನು. ಅವರ ಪ್ರತಿಯನ್ನು ಸಂಪಾದಿಸಿದ್ದ ಪಾದ್ರಿ ಮಿಲ್ಮನ್ ಗಿಬ್ಬನ್ನರ ಧರ್ಮಶ್ರದ್ಧೆಯ ಬಗ್ಗೆ ಆಕ್ಷೇಪ ಎತ್ತಿದಾಗ ಇವರು ಲೇಖಕರ ಪಕ್ಷ ಕಟ್ಟಿದರು. ಜಗಳ ಬಿಸಿಯಾದಾಗ ನಿಘಂಟು ತೆರೆಯಲು ಪುರುಸೊತ್ತೆಲ್ಲಿ? ಕೊಳಾಯಿ ಕಟ್ಟೆಯಲ್ಲಿ ಬೈಗುಳ ಕಲಿತವರು ಯಾರೂ ಪಟ್ಟಿ ಮಾಡಿಕೊಂಡು ಕಲಿತದ್ದಲ್ಲ.

ಅವೆನ್ಯೂ ರಸ್ತೆಯ ಪ್ರತಿಗೆ ಮರಳಿದರೆ ಅಲ್ಲೊಂದು ಒಗಟಿದೆ. ಗಿಬ್ಬನ್ ತಮ್ಮ ಇಂಗ್ಲಿಷನ್ನು ಮಡಿಯಾಗಿಟ್ಟು, ಪೋಲಿ ಸಂಗತಿಗಳನ್ನು ಗ್ರೀಕ್ ಲ್ಯಾಟಿನ್‌ಗಳ ಮರೆಯಲ್ಲಿ ಬಿಟ್ಟವರು. ಹಾಗೆಂದು ತಾವೇ ಹೇಳಿಕೊಂಡಿದ್ದಾರೆ. 40ನೆಯ ಅಧ್ಯಾಯದಲ್ಲಿ ರಾಣಿ ಥಿಯೊಡೋರಾಳ ಯೌವನದ ಪ್ರಸಂಗ ಬರುತ್ತದೆ, ಅದರ ಕೆಳಗೆ ಗ್ರೀಕ್ ಅಡಿಟಿಪ್ಪಣಿಗಳು. ಬಸ್ ಟಿಕೆಟ್ಟಿನಿಂದ ಮೂವತ್ತೊಂಬತ್ತು ಅಧ್ಯಾಯ ದೂರದ ಆ ಪುಟದಲ್ಲಿ ಪೆನ್ಸಿಲ್ ಮತ್ತೆ ಕಾಣಿಸಿಕೊಂಡಿದೆ: ಅಡಿಟಿಪ್ಪಣಿಯ ಪಕ್ಕ, ಕಾಗದ ಹರಿಯುವಷ್ಟು ಒತ್ತಿ ಬರೆದ ಒಂದು ಪ್ರಶ್ನಾರ್ಥಕ ಚಿಹ್ನೆ.