ಪಾಯಿಂಟ್ ಪಂಚಾಂಗ

ಸ್ವೀಡನ್ನಿನ ಆಕಾಶದ ಯಜಮಾನಿಕೆ ನಮ್ಮೂರಿನದು. ವಿಮಾನಗಳಿಗೆ ದಾರಿ ತೋರಿಸುವ ಲುಫ್ತ್‌ಫಾರ್ಟ್ಸ್‌ವೆರ್ಕೆಟ್ ಎಂಬ ಸರ್ಕಾರಿ ಸಂಸ್ಥೆಯ ಮುಖ್ಯ ಕಚೇರಿ ನಾರ್‌ಶೋಪಿಂಗ್‌ನಲ್ಲಿದೆ. ವಿಮಾನಯಾನದ ಕಟ್ಟುಕಟ್ಟಳೆ ನೋಡಿಕೊಳ್ಳುವ ಸಾರಿಗೆ ಸಂಸ್ಥೆಯದೂ ಇಲ್ಲೇ. ಮೋಡ ಎಲ್ಲಿದೆ, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುವ ಹವಾಮಾನ ಸಂಸ್ಥೆ ಎಸ್.ಎಂ.ಎಚ್.ಐ. ಕೂಡ ಇಲ್ಲೇ. ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ, 1970ರ ದಶಕದಲ್ಲಿ, ಸರ್ಕಾರ ಸ್ಟಾಕ್‌ಹೋಮ್‌ನಿಂದ ಕೆಲವು ಕಚೇರಿಗಳನ್ನು ಕಿತ್ತು ಇಲ್ಲಿ ತಂದು ನೆಟ್ಟಿತು. 1934ರಲ್ಲೇ ತೆರೆದ ವಿಮಾನ ನಿಲ್ದಾಣವೂ ಪೇಟೆಯ ಮಗ್ಗುಲಲ್ಲೇ ಇದೆ. ಕೊರತೆ ಏನಿದ್ದರೂ ವಿಮಾನದ್ದು. ಚಳಿಗೆ ಬೇಸತ್ತವರನ್ನು ಕ್ಯಾನರಿ ದ್ವೀಪಗಳಿಗೋ ಮೆಡಿಟರೇನಿಯನ್ ತೀರಕ್ಕೋ ಒಯ್ಯುವ ಚಾರ್ಟರ್ ವಿಮಾನಗಳು ಆಗೀಗ ಏಳುತ್ತವೆ. ನಮ್ಮ ಹಾಗೆ ಕರ್ನಾಟಕದ ತೀರ್ಥಹಳ್ಳಿಗೆ ಹೋಗಬೇಕಾದವರು ಅವುಗಳಿಗೆ ಕೈಬೀಸಿ ಒಳಗೆ ಬರಬೇಕು.

ಹಾಗಾದರೆ ಹೋಗುವುದು ಹೇಗೆ? ಸ್ಟಾಕ್‌ಹೋಮ್‌ನ ಆರ್ಲಾಂಡಾ ವಿಮಾನ ನಿಲ್ದಾಣಕ್ಕೆ ರೈಲು ಹಿಡಿದು ಅಲ್ಲಿಂದ ದೋಹಾವೋ ದುಬೈಯೋ ಮುಟ್ಟುವುದು ಒಂದು. ಆರ್ಲಾಂಡಾದಲ್ಲಿ ರೈಲಿನಿಂದ ಇಳಿದು ಮೇಲೆ ಬರುವುದಕ್ಕೇ ಬೇರೆ ಶುಲ್ಕ ಕೀಳುತ್ತಾರೆ; ನಮ್ಮವರಿಗೆ ಇದು ಪ್ರತಿ ಸಲವೂ ಹೊಸ ದುಃಖ. ಡೆನ್ಮಾರ್ಕಿನ ಕಾಸ್ಟ್ರುಪ್‌ವರೆಗೆ ರೈಲಿನಲ್ಲಿ ಹೋದರೆ ಗಾಡಿ ವಿಮಾನ ನಿಲ್ದಾಣದ ಅಡಿಯಲ್ಲೇ ನಿಲ್ಲುತ್ತದೆ, ಅದು ಇನ್ನೊಂದು. ಎಲ್ಲಕ್ಕಿಂತ ಹತ್ತಿರದ್ದು ನಲವತ್ತು ಕಿಲೋಮೀಟರ್ ಆಚೆಯ ಲಿಂಶೋಪಿಂಗ್. ಅಲ್ಲಿಂದ ಕೆ.ಎಲ್.ಎಂ. ವಿಮಾನ ಆಮ್‌ಸ್ಟರ್‌ಡ್ಯಾಮಿಗೆ, ಆಮ್‌ಸ್ಟರ್‌ಡ್ಯಾಮಿನಿಂದ ನೇರ ಬೆಂಗಳೂರಿಗೆ. ಇಷ್ಟು ಸಲೀಸಾದ ದಾರಿಯನ್ನು ನಾರ್‌ಶೋಪಿಂಗ್‌ನವರ ಮುಂದೆ ಹೊಗಳುವ ಹಾಗಿಲ್ಲ. ಲಿಂಶೋಪಿಂಗ್‌ನಲ್ಲಿ ಬಿಷಪ್ಪರು, ದೊಡ್ಡ ಚರ್ಚು, ವಿಶ್ವವಿದ್ಯಾಲಯ. ನಮ್ಮದು ಗಿರಣಿ ಕಾರ್ಮಿಕರ ಊರು. ಹುಬ್ಬಳ್ಳಿಯವರು ಧಾರವಾಡದವರ ಬಗ್ಗೆ ಮಾತಾಡುವುದನ್ನು ಕೇಳಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ದಾರಿ ಇವಿಷ್ಟೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನಮ್ಮವರಿಗೆ ಮೈಲಿನ ಹುಚ್ಚು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಎಷ್ಟು ಹಾರಿದರೆ ಅಷ್ಟು ಮೈಲು ಜಮಾ’ ಎಂಬ ಯೋಜನೆ ಶುರುಮಾಡಿತಂತೆ; ಅದರ ಫಲವನ್ನು ಇಂದು ಅನುಭವಿಸುತ್ತಿರುವವಳು ನಾನು. ಇವರ ಆರಾಧ್ಯದೈವ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್. 1999ರಲ್ಲಿ ಪುಡ್ಡಿಂಗ್ ಡಬ್ಬಿಯ ಚೀಟಿಗೆ ಮೈಲು ಕೊಡುತ್ತಾರೆಂದು ಗೊತ್ತಾಗಿ ಆತ 12,150 ಡಬ್ಬಿ ಕೊಂಡ. ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲು ಸಂಪಾದಿಸಿದ. ಅಷ್ಟು ಚೀಟಿ ಹರಿಯುವುದು ಒಬ್ಬನಿಂದ ಆಗುವ ಕೆಲಸವೇ? ಪುಡ್ಡಿಂಗನ್ನೆಲ್ಲ ಧರ್ಮಸಂಸ್ಥೆಯೊಂದಕ್ಕೆ ದಾನ ಮಾಡಿ, ಅಲ್ಲಿಯ ಸ್ವಯಂಸೇವಕರ ಕೈಯಲ್ಲೇ ಚೀಟಿ ಹರಿಸಿಕೊಂಡ. ಈ ಕಥೆಯನ್ನು ನಮ್ಮವರು ಹರಿಕಥೆ ದಾಸರ ಭಕ್ತಿಯಿಂದ ಹೇಳುತ್ತಾರೆ. ಚೀಟಿ ಹರಿದವರ ಹೆಂಡಿರು ಏನೆಂದರೋ ಕಥೆಯಲ್ಲಿ ಬರುವುದಿಲ್ಲ.

ಸಾಸ್ ವಿಮಾನ ಕಂಪನಿಯ ಯೂರೋಬೋನಸ್ ಪಾಯಿಂಟ್‌ಗಳನ್ನು ಇವರು ವರ್ಷಗಟ್ಟಲೆ ಕೂಡಿಟ್ಟಿದ್ದರು. ಅವನ್ನು ಲುಫ್ತಾನ್ಸಾಕ್ಕೆ ಕೊಟ್ಟು ಫ್ರಾಂಕ್‌ಫರ್ಟಿನ ಮೇಲೆ ಬೆಂಗಳೂರಿಗೆ ಹೋಗುವುದು ಇವರ ಲೆಕ್ಕ. 2024ರ ಸೆಪ್ಟೆಂಬರ್ 1ಕ್ಕೆ ಸಾಸ್ ಕಂಪನಿ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟ ಬಿಟ್ಟು ಸ್ಕೈಟೀಮ್ ಎಂಬ ಇನ್ನೊಂದು ಕೂಟ ಸೇರಿತು. ರಾತ್ರಿ ಬೆಳಗಾಗುವುದರಲ್ಲಿ ಬೀಗರು ಬದಲಾದರು. ನಿನ್ನೆಯವರೆಗೆ ಹೋಳಿಗೆ ಬಡಿಸಿದ ಲುಫ್ತಾನ್ಸಾ, ಏರ್ ಇಂಡಿಯಾದವರಿಗೆ ಇವರ ಪರಿಚಯವೇ ಇಲ್ಲ, ಕೆ.ಎಲ್.ಎಂ., ಏರ್ ಫ್ರಾನ್ಸಿನವರು ಹೊಸ ನೆಂಟರು. ಆ ನೆಂಟಸ್ತನದ ಸಂಭ್ರಮಕ್ಕೆ ಕಂಪನಿ ಒಂದು ಪಂದ್ಯವನ್ನೂ ಇಟ್ಟಿತು: ವರ್ಷ ಮುಗಿಯುವುದರೊಳಗೆ ಸ್ಕೈಟೀಮಿನ 15 ಬೇರೆ ಬೇರೆ ಕಂಪನಿಗಳ ವಿಮಾನ ಹತ್ತಿದವರಿಗೆ ಹತ್ತು ಲಕ್ಷ ಪಾಯಿಂಟ್. ಕೆಲವರು ಅದಕ್ಕಾಗಿ ನಿಜಕ್ಕೂ ಭೂಮಂಡಲ ಸುತ್ತಿದರು. ನಮ್ಮವರು ಅಡುಗೆಮನೆ ಮೇಜಿನ ಮೇಲೆ ಅಟ್ಲಾಸ್ ಹರಡಿ, “ವಿಯೆಟ್ನಾಂ ಮುಗಿಸಿ ಕೀನ್ಯಾಕ್ಕೆ...” ಎಂದು ಶುರುಮಾಡಿದರು. ನಾನು ಅಟ್ಲಾಸಿನ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟೆ. ಆಫ್ರಿಕಾ ಪೂರ್ತಿ ಮುಚ್ಚಿತು.

ಪಾಯಿಂಟ್ ಸೀಟಿನ ನಿಜವಾದ ಕಷ್ಟ ತಿಳಿದದ್ದು ಮೈದುನನ ಮಗನ ಉಪನಯನದಲ್ಲಿ. ಈ ಸೀಟುಗಳು ಹೊರಡುವ ದಿನಕ್ಕಿಂತ ಸುಮಾರು 11 ತಿಂಗಳು ಮುಂಚೆ ತೆರೆಯುತ್ತವೆ; ಒಂದು ವಿಮಾನಕ್ಕೆ ಬೆರಳೆಣಿಕೆಯಷ್ಟು. ಮುಂದಿನ ವೈಶಾಖದಲ್ಲಿ ಮುಂಜಿ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಜೂನಿನಲ್ಲೇ ನಮ್ಮವರು ತೀರ್ಥಹಳ್ಳಿಯ ಭಟ್ಟರಿಗೆ ಫೋನು ಹಚ್ಚಿದರು.

“ಭಟ್ರೇ, ಒಂದು ದಿನ ಹೇಳಿಬಿಡಿ, ಸಾಕು.”

“ಅಲ್ಲ ಮಾರಾಯ, ಮುಂದಿನ ಸಂವತ್ಸರದ ಪಂಚಾಂಗ ಇನ್ನೂ ಅಚ್ಚೇ ಆಗಿಲ್ಲ!”

“ಲೆಕ್ಕ ಹಾಕಿ ಹೇಳ್ಬಹುದಲ್ವಾ?”

“ಹಾಕ್ಬಹುದು. ಹುಡುಗನ ಗುರುಬಲ ನೋಡ್ಬೇಕು, ತಾರಾಬಲ ನೋಡ್ಬೇಕು. ಅದೆಲ್ಲ ಸರಿ ಹೋದ್ರೂ ಅಡುಗೆಯವ್ರು ಸಿಗ್ಬೇಕು. ನಿಮ್ಮ ಲೆಕ್ಕ ಏನು?”

“ಮಂಗಳವಾರ ಮೂರು ಸೀಟು ಖಾಲಿ ಇದೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಭಟ್ಟರು, “ಫೋನು ನಿಮ್ಮಮ್ಮಂಗೆ ಕೊಡು” ಎಂದರು. ಅವರು ಇದ್ದದ್ದು ತಮ್ಮ ಮನೆಯಲ್ಲಿ, ನಾವು ಇಲ್ಲಿ, ಅತ್ತೆ ಇನ್ನೊಂದು ಕೇರಿಯಲ್ಲಿ.

ಇಲ್ಲಿಯ ಕಾನೂನೇನೋ ಉದಾರಿ. ವರ್ಷಕ್ಕೆ 25 ದಿನ ರಜೆ, ಅದರಲ್ಲಿ ನಾಲ್ಕು ವಾರ ಜೂನ್‌ನಿಂದ ಆಗಸ್ಟ್‌ವರೆಗಿನ ಬೇಸಿಗೆಯಲ್ಲಿ ಒಟ್ಟಿಗೇ ಕೇಳಿ ಪಡೆಯುವ ಹಕ್ಕು. ಜುಲೈ ಬಂತೆಂದರೆ ಸ್ವೀಡನ್ ಬಾಗಿಲು ಹಾಕಿ ಕೆರೆದಡಕ್ಕೆ ಹೋಗುತ್ತದೆ. ಆದರೆ ಜುಲೈ ಎಂದರೆ ನಮ್ಮಲ್ಲಿ ಆಷಾಢ. ಮುಂಜಿ ಮದುವೆ ಒಂದೂ ಇಲ್ಲ, ಮಲೆನಾಡಿನ ಮಳೆಯಲ್ಲಿ ಅಂಗಳಕ್ಕೂ ಇಳಿಯುವ ಹಾಗಿಲ್ಲ. ಶುಭಕಾರ್ಯವಿದ್ದಾಗ ರಜೆ ಇಲ್ಲ, ರಜೆ ಇದ್ದಾಗ ಶುಭಕಾರ್ಯವಿಲ್ಲ, ಎರಡೂ ಕೂಡಿ ಬಂದಾಗ ಪಾಯಿಂಟ್ ಸೀಟಿಲ್ಲ. ಈ ಪೇಚನ್ನು ಸಹೋದ್ಯೋಗಿಯೊಬ್ಬರ ಹತ್ತಿರ ತೋಡಿಕೊಂಡೆ. ಪರಿಸರದ ಕಾಳಜಿಯುಳ್ಳ ಮನುಷ್ಯ, “ರೈಲಿನಲ್ಲಿ ಹೋಗಲು ಬರುವುದಿಲ್ಲವೇ?” ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ.

ವಾಪಸು ಬರುವ ದಿನದ್ದು ಬೇರೆಯದೇ ರಗಳೆ. ಯುರೋಪಿನ ಕಡೆಯ ವಿಮಾನಗಳು ಹೆಚ್ಚಾಗಿ ಬೆಂಗಳೂರು ಬಿಡುವುದು ನಡುರಾತ್ರಿ ಕಳೆದ ಮೇಲೆ. ಟಿಕೆಟ್ಟಿನಲ್ಲಿ ‘ಮಂಗಳವಾರ 3 ಗಂಟೆ’ ಎಂದು ಕಂಡಿದ್ದೇ ಅತ್ತೆ, “ಮಂಗಳವಾರ ಹೆಣ್ಣುಮಗುವನ್ನ ಕರ್ಕೊಂಡು ಹೊರಡ್ತಾರಾ?” ಎಂದರು. ದಿನ ಬದಲಿಸಿದರೆ ದಂಡ. ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ ದಾರಿ ತೋರಿಸಿದವರೂ ಅತ್ತೆಯೇ: ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಮೂರು ಗಂಟೆಗೆ ಇನ್ನೂ ಸೋಮವಾರವೇ. ವಿಮಾನ ಕಂಪನಿಗಳ ಷರತ್ತುಗಳನ್ನು ಇಷ್ಟು ಚೊಕ್ಕವಾಗಿ ಬಿಡಿಸಬಲ್ಲವರನ್ನು ನಾನು ಬೇರೆ ಕಂಡಿಲ್ಲ. ಇಲ್ಲಿಗೆ ಬಂದು ಹೋಗುವಾಗ ಅವರೇ ಊಟದ ಪಟ್ಟಿ ನೋಡಿ ‘ಹಿಂದೂ ಊಟ’ ಎಂಬುದನ್ನು ಅನುಮಾನಿಸಿದವರು. ಸರಿಯೇ ಇತ್ತು: ಅದರಲ್ಲಿ ಕೋಳಿಯೋ ಕುರಿಯೋ ಇರಬಹುದು. ನಮಗೆ ಬೇಕಾದದ್ದು ಎ.ವಿ.ಎಂ.ಎಲ್., ಅಂದರೆ ಏಷ್ಯಾದ ಸಸ್ಯಾಹಾರ.

ಕೊನೆಗೆ ಮುಂಜಿಯ ಮುಹೂರ್ತ ಗೊತ್ತಾದದ್ದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಆ ವಾರದ ಪಾಯಿಂಟ್ ಸೀಟೆಲ್ಲ ಮುಗಿದಿದ್ದವು. ದುಡ್ಡು ಕೊಟ್ಟೇ ಲಿಂಶೋಪಿಂಗ್‌ನಿಂದ ಹೊರಟೆವು. ಬೆಂಗಳೂರಿನಿಂದ ಹಾರಿ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಲ್ಲಿ ಇಳಿದೆವು. 2023ರಲ್ಲಿ ಹುಟ್ಟಿದ ಆ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಸಿಗುತ್ತದೆ, 1934ರ ನಮ್ಮ ನಿಲ್ದಾಣಕ್ಕೆ ಸ್ಟಾಕ್‌ಹೋಮಿನದೂ ಇಲ್ಲ.

ಉಳಿದ ಪಾಯಿಂಟ್‌ಗಳಲ್ಲಿ ಒಂದು ಗಂಟು ಗಲ್ಫಿನ ಕಂಪನಿಯೊಂದರದು. ಅದರ ಆಯುಸ್ಸು ಮೂರು ವರ್ಷ, ತೀರುವುದು ನಮ್ಮವರು ಹುಟ್ಟಿದ ತಿಂಗಳಲ್ಲೇ. ಹುಟ್ಟುಹಬ್ಬದ ವಾರ ಅವಸರದಲ್ಲಿ ಅವರು ಅದನ್ನು ಕೊಟ್ಟು ಒಂದು ಸೂಟ್‌ಕೇಸ್ ತರಿಸಿದರು. ಖಾಲಿ ಇರುವಾಗಲೇ ನಾಲ್ಕು ಕಿಲೋ. 23 ಕಿಲೋದ ಮಿತಿಯಲ್ಲಿ ಅದನ್ನು ಕಳೆದರೆ ಉಳಿಯುವುದು ಹತ್ತೊಂಬತ್ತು. ಹೀಗಾಗಿ ಅತ್ತೆ ಹಾಕಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಬೆಂಗಳೂರಿನಲ್ಲಿ ನಾದಿನಿಯ ಮನೆಯಲ್ಲೇ ಉಳಿದಿದೆ. ಈ ಕಡೆಗೆ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಾಮಾನಿನಲ್ಲಿ ಎರಡು ಕಿಲೋ ಜಾಗವಿದ್ದರೆ, ದಯವಿಟ್ಟು ತಿಳಿಸಿ. ಆರ್ಲಾಂಡಾದಲ್ಲಿ ಇಳಿದರೂ ಸರಿ, ಕಾಸ್ಟ್ರುಪ್‌ನಲ್ಲಿ ಇಳಿದರೂ ಸರಿ, ನಮ್ಮವರು ರೈಲಿನಲ್ಲಿ ಬಂದು ಇಸಿದುಕೊಳ್ಳುತ್ತಾರೆ.