ಬೋಣಿ ಹೊತ್ತಿನ ಶಾರುಖ್

ಪರದೇಶದ ಭಾಷೆಯನ್ನು ಮ್ಯೂಸಿಯಮ್ಮಿನಲ್ಲಿ ಕಲಿಯಲಾಗದು. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹೋಟೆಲಿನಲ್ಲೂ ಆಗದು, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಮಾತು ಬೇಕೆಂದರೆ ಸಂತೆಗೇ ಹೋಗಬೇಕು. ಈ ಸಿದ್ಧಾಂತವನ್ನು ನೆಚ್ಚಿಕೊಂಡೇ ನಾನು ಯೋಗ್ಯಕರ್ತಾದ ಬೆರಿಂಗ್‌ಹಾರ್ಜೊ ಮಾರುಕಟ್ಟೆಗೆ ಬೆಳಬೆಳಗ್ಗೆ ನುಗ್ಗಿದೆ. 1758ರಿಂದ ವ್ಯಾಪಾರ ನಡೆದು ಬಂದ ಜಾಗವದು; ಅಲ್ಲಿಯ ಗೋಡೆಗಳಿಗೂ ಚೌಕಾಸಿ ಬಂದೀತು.

ಇಂಡೋನೇಷ್ಯದ ಭಾಷೆ ಹೊಸಬರ ಪಾಲಿಗೆ ಕರುಣಾಮಯಿ. ಕ್ರಿಯಾಪದಕ್ಕೆ ಕಾಲದ ಕಾಟವಿಲ್ಲ, ನಾಮಪದಕ್ಕೆ ಲಿಂಗದ ಗೊಡವೆಯಿಲ್ಲ. ನಿನ್ನೆ ಉಂಡದ್ದೂ ‘ಮಾಕಾನ್’, ನಾಳೆ ಉಣ್ಣುವುದೂ ‘ಮಾಕಾನ್’. ವಿಭಕ್ತಿ ಪ್ರತ್ಯಯಗಳಿಗಾಗಿ ಬೆತ್ತದೇಟು ತಿಂದು ಬೆಳೆದ ನನಗೆ ಅದು ಬೇಸಿಗೆ ರಜೆಯಂತಿತ್ತು.

ತೊಡಕೆಲ್ಲ ಸೊನ್ನೆಗಳದ್ದು. ಬಾಟಿಕ್ ಅಂಗಿಗೆ ಒಂದೂಕಾಲು ಲಕ್ಷ ರುಪಿಯಾ! ನಮ್ಮ ಲೆಕ್ಕಕ್ಕೆ ಆರೇಳು ನೂರು ರೂಪಾಯಿಯೇ, ಆದರೂ ‘ಲಕ್ಷ’ ಕೇಳಿದ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಸಾಲದ್ದಕ್ಕೆ ನಾನು ಕಲಿತದ್ದು 1928ರಲ್ಲಿ ಯುವಜನರು ಪ್ರತಿಜ್ಞೆ ಮಾಡಿ ಒಪ್ಪಿಕೊಂಡ ದೇಶಭಾಷೆ. ಅಂಗಡಿಯಮ್ಮ ಪಕ್ಕದವಳೊಂದಿಗೆ ಲೆಕ್ಕ ಮಾತಾಡುವುದು ಜಾವಾ ಭಾಷೆಯಲ್ಲಿ. ನಾನು ಉರುಹೊಡೆದ ಇಪ್ಪತ್ತೈದು ‘ದುವಾ ಪುಲುಹ್ ಲಿಮಾ’, ಅವರದು ‘ಸೆಲಾವೆ’.

“ಬೊಲೆಹ್ ಕುರಾಂಗ್, ಬು?” ಎಂದೆ. ಕಡಿಮೆ ಮಾಡ್ತೀರಾ ಅಮ್ಮಾ ಅಂತ.

ಆಕೆ ಬೆಲೆ ಬಿಟ್ಟು ಊರು ಕೇಳಿದರು. ‘ಇಂಡಿಯಾ’ ಎಂದದ್ದೇ ತಡ, “ಶಾರುಖ್ ಖಾನ್!” ಎಂದು ಕೂಗಿ, 1998ರ ‘ಕುಛ್ ಕುಛ್ ಹೋತಾ ಹೈ’ ಹಾಡಿನ ಪಲ್ಲವಿಯನ್ನೇ ಎತ್ತಿಕೊಂಡರು. ಅಕ್ಕಪಕ್ಕದವರು ನೆರೆದರು. ಇನ್ನು ಚರಣ ನನ್ನದಂತೆ! ನನ್ನ ಹಿಂದಿಯೋ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ದಾಟಿ ಮುಂದೆ ಹೋದದ್ದಲ್ಲ. ಗುನುಗುತ್ತ, ತಲೆಯಾಡಿಸುತ್ತ, ಗೊತ್ತಿಲ್ಲದ ಕಡೆ ‘ಲಾಲಲಾ’ ತುಂಬಿ ದೇಶದ ಮಾನ ಕಾಪಾಡಿದೆ.

ಬೆಲೆ ತೊಂಬತ್ತು ಸಾವಿರಕ್ಕಿಳಿಯಿತು. ನನ್ನ ಭಾಷಾಜ್ಞಾನಕ್ಕೆ ಸಂದ ಬಹುಮಾನವೆಂದು ಬೀಗುವಷ್ಟರಲ್ಲಿ, ಆಕೆ ನನ್ನ ನೋಟುಗಳನ್ನು ಬಟ್ಟೆ ರಾಶಿಗಳ ಮೇಲೆ ಪಟಪಟ ತಟ್ಟುತ್ತ “ಲಾರಿಸ್, ಲಾರಿಸ್” ಎಂದರು, ಮಾಲು ಚೆನ್ನಾಗಿ ಬಿಕರಿಯಾಗಲಿ ಅಂತ. ಸರಿಹೋಯಿತು, ಇದು ಬೋಣಿ! ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂಬುದು ಕೆ.ಆರ್. ಮಾರ್ಕೆಟ್ಟಿನ ಹೂವಮ್ಮನಿಗೂ ಗೊತ್ತು. ದರ ಇಳಿಸಿದ್ದು ನನ್ನ ವ್ಯಾಕರಣವಲ್ಲ, ನನ್ನ ಅಲಾರಂ.

ಅಂಗಿ ಚೀಲಕ್ಕೆ ಸೇರುವ ಮೊದಲೇ ಎದುರಿನ ಅಂಗಡಿಯಾಕೆ “ಶಾರುಖ್!” ಎಂದು ಕೈಬೀಸಿ ಕರೆದರು. ಅವರಿಗೂ ಬೋಣಿ ಆಗಿರಲಿಲ್ಲ. ಎರಡನೆಯ ಚರಣ ಬೇರೆ ಬೇಕಿತ್ತಂತೆ.