ಸ್ಟೀರಿಂಗ್ ಚಕ್ರದ ದೊರೆಗಳ ಸನ್ನಿಧಾನಕ್ಕೊಂದು ಬಿನ್ನಹ

ಮಹಾರಾಜಶ್ರೀ ಸ್ಟೀರಿಂಗ್ ಚಕ್ರದ ದೊರೆಗಳ ದಿವ್ಯ ಸನ್ನಿಧಾನಕ್ಕೆ, ಹೊಳೆನರಸೀಪುರ–ಅರಕಲಗೂಡು ರಸ್ತೆ ಬದಿಯ ತೆಂಗಿನ ತೋಟದ ಬಡ ಲಾರಿ ಮಾಲೀಕ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಬಲಭುಜ ಮಾತ್ರ ಈ ವಾಡಿಕೆಗೆ ಒಪ್ಪುತ್ತಿಲ್ಲ. ತಾವು ಶೆಡ್ಡಿನ ಪಡುವಣ ಗೋಡೆಯ ಮೊಳೆಯ ಮೇಲೆ, ಹಗ್ಗದ ಸುರುಳಿಗೂ ಹರಿದ ಫ್ಯಾನ್‌ಬೆಲ್ಟಿಗೂ ನಡುವೆ ಸುಖವಾಗಿ ಬಿಜಯಂಗೈದಿದ್ದೀರಿ ಎಂದು ನಂಬಿದ್ದೇನೆ. ಈ ಪತ್ರದ ಕೊನೆಯಲ್ಲಿ ಒಂದು ವಿಜ್ಞಾಪನೆ ಇದೆ. ಅದನ್ನು ನೆಟ್ಟಗೆ ಕೇಳುವ ಮುಖ ನನಗಿಲ್ಲ. ಆದ್ದರಿಂದ ಮೊದಲು ತಮ್ಮ ಉಪಕಾರಗಳನ್ನೆಲ್ಲ ಸ್ಮರಿಸಿ, ಆಮೇಲೆ ಕಾಲಿಗೆ ಬೀಳುತ್ತೇನೆ. ತಮಗೆ ಕಾಲಿಲ್ಲ ಎಂಬುದು ಬೇರೆ ಮಾತು.

ತಮ್ಮ ವಂಶದ ಹಿರಿಮೆ ನನಗೆ ತಿಳಿಯದ್ದೇನಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಲಾರಿಯ ವಿನ್ಯಾಸ ತಂದು, 1959ರಿಂದ ಜಬಲ್‌ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಕಟ್ಟಿ, ಅದಕ್ಕೆ ಶಕ್ತಿಮಾನ್ ಎಂದು ಹೆಸರಿಟ್ಟರು. ಸಂಸ್ಕೃತ ಹೆಸರಿನ ಬಾಲದಲ್ಲಿ ಜರ್ಮನ್ ಕಂಪನಿಯ ಹೆಸರು ಅಕ್ಷರ ಕೆಡದೆ ಕೂತುಬಿಟ್ಟಿತು. 1965ರಲ್ಲಿ ಯುದ್ಧಕ್ಕೆ ಹೋದದ್ದು ಈ ಲಾರಿ, 1971ರಲ್ಲೂ ಹೋದದ್ದು ಇದೇ ಲಾರಿ. 1996ರಲ್ಲಿ ತಯಾರಿಕೆ ನಿಂತಿತು. ನಮ್ಮ ಸೈನಿಕರು ರೇಷನ್ನಿನಿಂದ ಮದ್ದುಗುಂಡಿನವರೆಗೆ ಎಲ್ಲವನ್ನೂ ಇದರ ಬೆನ್ನಿಗೆ ಹೊರಿಸಿದ್ದರು. ಅಂಥ ಮನೆತನದವರು ತಾವು. ಹರಾಜಿನಲ್ಲಿ ನಮ್ಮ ದೊಡ್ಡಪ್ಪನ ಪಾಲಿಗೆ ಬಂದು, ತೆಂಗಿನಕಾಯಿಯ ರಾಶಿಯ ಮುಂದೆ ನಿಲ್ಲುವಂತಾದದ್ದು ತಮಗೆ ಅವಮಾನವೇ ಇರಬೇಕು. ಒಪ್ಪುತ್ತೇನೆ.

ಆದರೆ ಸ್ವಾಮಿ, ನಿವೃತ್ತಿ ಎಂಬುದು ಎಲ್ಲರಿಗೂ ಬರುವಂಥದ್ದು. ಲಾರಿಯ ಉಳಿದ ಅಂಗಾಂಗಗಳೆಲ್ಲ ಎಷ್ಟು ಗೌರವವಾಗಿ ಅದನ್ನು ಒಪ್ಪಿಕೊಂಡವು, ನೋಡಿ. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ ಇರುತ್ತದಲ್ಲ, ಆ ಬಾಣ ಅಳಿಸಿ ಕೆಎ 13 ಎಂದು ಬರೆಸಿದಾಗ ಪ್ಲೇಟು ತಕರಾರು ತೆಗೆಯಲಿಲ್ಲ. ಸೇನೆಯ ಗಾಡಿ ಬಿಟ್ಟು ಬೇರೆ ಯಾವುದೂ ಆಲಿವ್ ಹಸಿರು ಬಳಿದುಕೊಳ್ಳಕೂಡದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು ಹೇಳುತ್ತದೆ. ದೊಡ್ಡಪ್ಪ ಇಟ್ಟಿಗೆ ಕೆಂಪು ಬಳಿಸಿದರು. ಬಾನೆಟ್ಟು ಒಪ್ಪಿತು, ಬಾಗಿಲು ಒಪ್ಪಿದವು, ಹಿಂದಿನ ಹಲಗೆಗಳೂ ಒಪ್ಪಿದವು. ತಾವೊಬ್ಬರೇ ಇವತ್ತಿಗೂ ಡ್ಯೂಟಿಯಲ್ಲಿದ್ದೀರಿ.

ತಮ್ಮ ಮೊದಲ ಉಪಕಾರ ನನ್ನ ತೋಳುಗಳಿಗೆ. ಪವರ್ ಸ್ಟೀರಿಂಗ್ ಇಲ್ಲದ ಭಾರಿ ಲಾರಿಗೆ ಚಕ್ರ ಅಗಲವಾಗಿರಲೇಬೇಕು. ಹಾರೆ ಉದ್ದವಿದ್ದಷ್ಟೂ ಕಲ್ಲು ಹಗುರಾಗಿ ಏಳುವ ಹಾಗೆ. ತಾವೂ ಮೊರಕ್ಕಿಂತ ಅಗಲವಾಗಿಯೇ ಇದ್ದೀರಿ. ಆದರೂ ಹಾಸನದ ಮಾರುಕಟ್ಟೆಯಲ್ಲಿ ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ ತುಂಬಿಕೊಂಡು ಆ ಇಕ್ಕಟ್ಟಿನಲ್ಲಿ ಲಾರಿ ತಿರುಗಿಸಿದ ದಿನ, ಮೂಟೆ ಹೊತ್ತ ಹಮಾಲಿಗಳಿಗಿಂತ ಹೆಚ್ಚು ಬೆವರಿದವನು ಕೂತಲ್ಲೇ ಕೂತಿದ್ದ ನಾನು. ಜಿಮ್ಮಿಗೆ ದುಡ್ಡು ಕಟ್ಟುವ ಹುಡುಗರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ.

ತಾವು ಅವಸರದ ಜನವೂ ಅಲ್ಲ. ನಾನು ಬಲಕ್ಕೆ ತಿರುಗಿಸಿದರೆ ತಾವು ಕಾಲು ಸುತ್ತು ಸುಮ್ಮನೆ ಬರುತ್ತಿದ್ದಿರಿ. ಆಮೇಲೆ ಯೋಚಿಸಿ, ವಿಚಾರ ಮಾಡಿ, ಸಂಗತಿಯನ್ನು ಮುಂದಿನ ಗಾಲಿಗಳ ಗಮನಕ್ಕೆ ತರುತ್ತಿದ್ದಿರಿ. ಅಷ್ಟರಲ್ಲಿ ಎದುರಿನ ಬಸ್ಸಿನವನು ನನ್ನ ಕುಲಗೋತ್ರವನ್ನೆಲ್ಲ ಎತ್ತಿ ಆಡಿ ಮುಗಿಸಿರುತ್ತಿದ್ದ.

ಇನ್ನು ಹೆಬ್ಬೆರಳಿನ ವಿಷಯ. ಸಕಲೇಶಪುರದ ಕಡೆಯ ಎಸ್ಟೇಟಿನಿಂದ ಸಿಲ್ವರ್ ಓಕ್ ದಿಮ್ಮಿ ಇಳಿಸುವಾಗ, ಕೆಸರಿನಡಿಯ ಕಲ್ಲಿಗೆ ಮುಂದಿನ ಗಾಲಿ ತಾಗಿ, ತಾವು ನನ್ನ ಕೈಯೊಳಗೇ ಗಿರ್ರನೆ ತಿರುಗಿದಿರಿ. ತಮ್ಮ ಅಡ್ಡಗಾಲಿಗೆ, ಅಂದರೆ ಸ್ಪೋಕಿಗೆ, ಹೆಬ್ಬೆರಳು ಸಿಕ್ಕಿತು. ಹಳೇ ಮಿಲಿಟರಿ ಡ್ರೈವರುಗಳು ಕಾಡುದಾರಿಯಲ್ಲಿ ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತದೆ, ಮೇಲೆ ಒರಗಿಸಿ ಹಿಡಿಯುತ್ತಾರಂತೆ. ನನಗದು ಗೊತ್ತಾದದ್ದು ಕಟ್ಟು ಹಾಕಿಸಿಕೊಂಡ ಮೇಲೆ. ದ್ರೋಣಾಚಾರ್ಯರು ಹೆಬ್ಬೆರಳು ಬೇಕೆಂದು ಬಾಯಿಬಿಟ್ಟು ಕೇಳಿದರು. ತಾವು ಅಷ್ಟು ಸಂಕೋಚವನ್ನೂ ಇಟ್ಟುಕೊಂಡವರಲ್ಲ.

ಇಷ್ಟೆಲ್ಲ ಆದರೂ ತಮ್ಮನ್ನು ಇಳಿಸುವ ದುರಾಲೋಚನೆ ನನ್ನದಲ್ಲ. ತಮ್ಮ ಮೈಯ ಗಟ್ಟಿ ಪ್ಲಾಸ್ಟಿಕ್ಕು ಬಿರಿದು, ಒಳಗಿನ ಕಬ್ಬಿಣ ಇಣುಕಿ, ನನ್ನ ಅಂಗೈಯಲ್ಲಿ ಹೊಸ ರೇಖೆಗಳು ಮೂಡಿದ್ದವು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಕೆಳಗೆ ಸ್ಟೀರಿಂಗ್ ಬಾಕ್ಸು ಆಯಿಲ್ ಕಾರತೊಡಗಿತು. ಬಾಕ್ಸ್ ಬಿಚ್ಚಬೇಕಾದರೆ ಸ್ಟೀರಿಂಗ್ ಕಂಬ ಎಳೆಯಬೇಕು, ಕಂಬ ಎಳೆಯಬೇಕಾದರೆ ತಾವು ಇಳಿಯಬೇಕು ಎಂದು ಹಾಸನದ ಬಿ.ಎಂ. ರಸ್ತೆಯ ಕಡೆಯಿಂದ ಕರೆಸಿದ ಮೇಸ್ತ್ರಿ ಹೇಳಿದ. ಹಾರ್ನ್ ಬಟನ್ ಕಿತ್ತು, ನಟ್ಟಿನ ಮೇಲೆ ಬಾಕ್ಸ್ ಸ್ಪ್ಯಾನರ್ ಇಟ್ಟು, ಅದಕ್ಕೊಂದು ಮಾರುದ್ದದ ಪೈಪು ತೊಡಿಸಿ ಜಗ್ಗಿದ. ನಟ್ಟು ಕಿರ್ ಎಂದು ಬಂದೇ ಬಿಟ್ಟಿತು. ನಾವು ಕಾಫಿ ಕುಡಿದೆವು. ಸಂಜೆಯೊಳಗೆ ಕೆಲಸ ಮುಗಿಯುತ್ತದೆ ಎಂದುಕೊಂಡ ನಮ್ಮ ಮೌಢ್ಯವನ್ನು ತಾವು ಕ್ಷಮಿಸಬೇಕು.

ತಮ್ಮನ್ನು ಹಿಡಿದಿದ್ದದ್ದು ನಟ್ಟೊಂದೇ ಅಲ್ಲವಲ್ಲ. ಕಂಬದ ತುದಿಯ ಸುತ್ತ ಹಲ್ಲು ಕೊರೆದಿದೆ. ತಮ್ಮ ಹೊಕ್ಕುಳಿನ ಒಳಗೂ ಹಲ್ಲು ಕೊರೆದಿದೆ. ಸ್ಪ್ಲೈನ್ ಅನ್ನುತ್ತಾರೆ. ಹಲ್ಲಿಗೆ ಹಲ್ಲು ಕಚ್ಚಿ ಕೂತಲ್ಲಿಗೆ ಒಡೆದ ಗಾಜಿನಿಂದ ಎಷ್ಟೋ ಮಳೆಗಾಲದ ನೀರು ಇಳಿದಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಇಲ್ಲದ ಜಾಗದಲ್ಲಿ ಉಬ್ಬಿ, ಎರಡನ್ನೂ ಒಂದೇ ಮಾಡಿಬಿಟ್ಟಿತ್ತು. ಇದರಲ್ಲಿ ಜಬಲ್‌ಪುರದವರ ತಪ್ಪು ಎಳ್ಳಷ್ಟೂ ಇಲ್ಲ. ಗಾಜು ಹಾಕಿಸದೆ ಗೊಬ್ಬರದ ಚೀಲ ಸಿಕ್ಕಿಸಿ ಓಡಾಡಿದವರು ನಾವು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡಕ್ಕೆ ಲಕ್ಷ್ಮೀನರಸಿಂಹಸ್ವಾಮಿ ಇದ್ದಾನೆ. ಒಂದು ಮಗು ಕರೆದದ್ದಕ್ಕೆ ಕಂಬ ಒಡೆದು ಹೊರಗೆ ಬಂದವನು ಅವನು. ಇಲ್ಲಿ ನಾಲ್ಕು ಜನ ಗಂಡಸರು ಬೆಳಗಿನಿಂದ ಕರೆದರೂ ತಾವು ಕಂಬ ಬಿಟ್ಟು ಅಲುಗಲಿಲ್ಲ.

"ಬತ್ತದೆ ಬುಡಣ್ಣೋ, ಬರ್ದೆ ಎಲ್ಲೋಯ್ತದೆ" ಎಂದು ಹೇಳಿ ಮೇಸ್ತ್ರಿ ಹೋದವನು ತಿರುಗಿ ಬರಲಿಲ್ಲ. ಚಕ್ರದ ಬಗ್ಗೆ ಆ ಮಾತು ಹೇಳಿದನೋ ತನ್ನ ಬಗ್ಗೆಯೋ ಗೊತ್ತಾಗಲಿಲ್ಲ.

ಆಮೇಲೆ ತಮಗೆ ಅಭಿಷೇಕ ಶುರುವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 981ರಿಂದ ನಿಂತಿರುವ 58 ಅಡಿಯ ಬಾಹುಬಲಿಗೆ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಕಳೆದ ಸಲದ್ದು 2018ರಲ್ಲಿ ಆಯಿತು. ಎಳನೀರು, ಕಬ್ಬಿನ ಹಾಲು, ಹಾಲು, ಅರಿಶಿನ, ಚಂದನ ಎಲ್ಲ ಆಗುತ್ತದೆ. ಎಲ್ಲವನ್ನೂ ಬಿಟ್ಟು ನಿಂತ ಸ್ವಾಮಿಗೆ ಅಷ್ಟು ಸಾಕು. ಏನನ್ನೂ ಬಿಡದ ತಮಗೆ ಹನ್ನೆರಡು ದಿನ, ದಿನಕ್ಕೆರಡು ಹೊತ್ತು ನಡೆಯಿತು. ಮೊದಲು ಡೀಸೆಲ್ಲು. ಆಮೇಲೆ ಈಗ ಸಿಗುವುದೇ ಅಪರೂಪವಾದ ಸೀಮೆಎಣ್ಣೆ, ಯಾರದೋ ಅಟ್ಟದ ಮೇಲಿನ ಲಾಟೀನಿನಿಂದ ಬಗ್ಗಿಸಿಕೊಂಡದ್ದು. ಅದರ ಮೇಲೆ ಬ್ರೇಕ್ ಆಯಿಲ್. ಕೊನೆಗೆ ಅಂಗಡಿಯ ಸ್ಪ್ರೇ ಡಬ್ಬಿ, ಅದರ ರೇಟು ಕೇಳಿ ನನ್ನ ಹೆಂಡತಿ ಇದಕ್ಕಿಂತ ತುಪ್ಪವನ್ನೇ ಹಾಕಬಹುದಿತ್ತಲ್ಲ ಅಂದಳು. ತೀರ್ಥವೆಲ್ಲ ಕಂಬದ ಗುಂಟ ಇಳಿದು ಸೀಟಿಗೆ ಪ್ರೋಕ್ಷಣೆಯಾಯಿತೇ ಹೊರತು ತಾವು ಪ್ರಸನ್ನರಾಗಲಿಲ್ಲ. ನಮ್ಮ ಹಾಸನಾಂಬೆ ಕೂಡ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ, ಬಾಗಿಲು ತೆರೆದು ದರ್ಶನ ಕೊಡುತ್ತಾಳೆ.

ಅದಾದ ಮೇಲೆ ಅರಕಲಗೂಡಿನಿಂದ ಬಂದ ಮೇಸ್ತ್ರಿಗಳು ಅಪ್ಪ, ಮಗ. ಅರ್ಕೇಶ್ವರನ ಊರಿನವರು, ಅರ್ಕ ಎಂದರೆ ಸೂರ್ಯ, ಸೂರ್ಯನ ರಥಕ್ಕಿರುವುದು ಒಂದೇ ಚಕ್ರವಂತೆ, ಹಾಗಾಗಿ ಒಂಟಿ ಚಕ್ರದ ಮರ್ಜಿ ಇವರಿಗೆ ಗೊತ್ತಿರಬಹುದು ಎಂದು ನನಗೊಂದು ಆಸೆ. ಮಗ ಸೀಟಿನಲ್ಲಿ ಕೂತು ಎರಡೂ ಮೊಣಕಾಲನ್ನು ತಮ್ಮ ಕೆಳಗೆ ಕೊಟ್ಟು ಮೇಲಕ್ಕೆ ಒತ್ತಬೇಕು. ಅಪ್ಪ ಕಂಬದ ತುದಿಗೆ ಸುತ್ತಿಗೆಯಿಂದ ಬಡಿಯಬೇಕು. ಇದು ಎಲ್ಲ ಗ್ಯಾರೇಜಿನಲ್ಲೂ ಮಾಡುವುದೇ. ಹಾಗೆ ಬಡಿಯುವ ಮುಂಚೆ ನಟ್ಟನ್ನು ತುದಿಗೆ ಸಮನಾಗುವಷ್ಟು ತಿರುಗಿಸಿ ಬಿಟ್ಟಿರಬೇಕು. ಇಲ್ಲದಿದ್ದರೆ ತುದಿಯ ತಿರುಪಿನ ಮರೆಗಳು ಅಣಬೆಯಂತೆ ಅರಳಿ ಮತ್ತೆ ನಟ್ಟೇ ಕೂರುವುದಿಲ್ಲ, ಇದ್ದಕ್ಕಿದ್ದಂತೆ ತಾವು ಮೇಲೆದ್ದರೆ ಮಗನ ಹಲ್ಲೂ ಉಳಿಯುವುದಿಲ್ಲ. ಆ ಹಿರಿಯರಿಗೆ ಅದು ಗೊತ್ತಿತ್ತು. ನಾಲ್ಕು ಏಟು ಹಾಕಿ, ಕಂಬಕ್ಕೆ ಕಿವಿ ಕೊಟ್ಟು ಕೇಳಿ, ಸುತ್ತಿಗೆ ಕೆಳಗಿಟ್ಟರು. "ಇನ್ನೂ ಬಡುದ್ರೆ ಕೆಳಗಿನ ಬೇರಿಂಗು ಓಯ್ತದೆ ಸಾರ್. ಸಿಟ್ಟಿಗೆ ಬರೋ ಸಾಮಾನಲ್ಲ ಇದು." ಕೂಲಿಯನ್ನೂ ಮುಟ್ಟಲಿಲ್ಲ. ತಮ್ಮ ದೆಸೆಯಿಂದ ಅಂಥವರೊಬ್ಬರ ಪರಿಚಯವಾಯಿತು, ಇದೊಂದು ನಿಜವಾದ ಉಪಕಾರ.

ಚನ್ನರಾಯಪಟ್ಟಣದ ಗ್ಯಾಸ್ ವೆಲ್ಡಿಂಗಿನವನು ಅಷ್ಟು ತಾಳ್ಮೆಯವನಲ್ಲ. ಹೊಕ್ಕುಳಿಗೆ ಬೆಂಕಿ ತೋರಿಸಿದರೆ ಅದು ಹಿಗ್ಗಿ ಕಂಬವನ್ನು ಬಿಡುತ್ತದೆ ಎಂದ. ಶಾಸ್ತ್ರ ಸರಿಯಾಗಿಯೇ ಇತ್ತು. ಆದರೆ ಹನ್ನೆರಡು ದಿನದ ಅಭಿಷೇಕದ ಎಣ್ಣೆಯೆಲ್ಲ ಅಲ್ಲೇ ಕೂತಿತ್ತೆಂಬುದನ್ನು ಅವನಿಗೆ ಹೇಳಲು ನಾನು ಮರೆತಿದ್ದೆ. ತಮಗೆ ಮಂಗಳಾರತಿಯೂ ಆಯಿತು. ನನ್ನ ಒಂದು ಹುಬ್ಬು ಇನ್ನೂ ಪೂರ್ತಿ ಬೆಳೆದಿಲ್ಲ.

ಕಡೆಗೆ ದಾರಿ ತೋರಿಸಿದ್ದು ಹೊಳೆನರಸೀಪುರದ ಲೇತಿನ ಹುಡುಗ. ಅವನ ಬಳಿಯಿದ್ದ ಎರಡು ಕಾಲಿನ ಪುಲ್ಲರು ತಮ್ಮ ನುಣುಪು ಹೊಕ್ಕುಳಿನ ಮೇಲೆ ಕಚ್ಚದೆ ಜಾರುತ್ತಿತ್ತು. ಅವನು ಬಡಬಡಿಸಲಿಲ್ಲ. ಅಳತೆ ತೆಗೆದುಕೊಂಡು ಹೋಗಿ, ದಪ್ಪ ಪಟ್ಟಿಗೆ ತೂತು ಕೊರೆದು, ಅಡ್ಡಗಾಲುಗಳ ಅಡಿಗೆ ಒಂದು ತುಂಡು ಕೊಟ್ಟು, ಮೇಲೊಂದು ತುಂಡು ಇಟ್ಟು, ಎರಡನ್ನೂ ಉದ್ದ ಬೋಲ್ಟಿನಿಂದ ಬಿಗಿದು, ನಡುವಿನ ಬೋಲ್ಟನ್ನು ಕಂಬದ ತುದಿಗೆ ಒತ್ತಿದ. ಕೈ ಸಾಗುವಷ್ಟು ಬಿಗಿದು, "ಅಣ್ಣ, ಇವತ್ತಿಗೆ ಇಷ್ಟೇ. ರಾತ್ರಿಯೆಲ್ಲ ಹಿಂಗೇ ಇರ್ಲಿ" ಅಂದ. ಮಾರನೆ ದಿನ ಕಾಲು ಸುತ್ತು, ಅದರ ಮಾರನೆ ದಿನ ಇನ್ನೊಂದು ಕಾಲು ಸುತ್ತು. ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಶೆಡ್ಡಿನೊಳಗೆ ಗುಂಡು ಹಾರಿದಂಥ ಸದ್ದು. ನಾಯಿ ಬೊಗಳಿತು, ತೆಂಗಿನ ಮರದ ಹಕ್ಕಿಗಳೆಲ್ಲ ಎದ್ದವು, ಪಕ್ಕದ ತೋಟದವರು ಟಾರ್ಚು ಹಿಡಿದು ಓಡಿಬಂದರು. ಯಾರೂ ಮುಟ್ಟದಿದ್ದಾಗ, ಯಾರೂ ನೋಡದಿದ್ದಾಗ, ತಾವಾಗಿಯೇ ಕಂಬ ಬಿಟ್ಟು ಎದ್ದಿದ್ದಿರಿ. ಆತ್ಮಗೌರವ ಎಂದರೆ ಅದು. ಲುಂಗಿಯಲ್ಲೇ ನಿಂತು ಕೈಮುಗಿದೆ.

ಈಗ ವಿಜ್ಞಾಪನೆಗೆ ಬರುತ್ತೇನೆ.

ಬಾಕ್ಸು ರಿಪೇರಿಯಾಗಿ ಬಂದಿದೆ. ತಮ್ಮ ಸ್ಥಾನಕ್ಕೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಚಕ್ರವೊಂದನ್ನು ತಂದೆ. ಕರ‍್ರಗೆ, ಮಿರಮಿರ ಮಿಂಚುವ, ಅಂಗೈಗೆ ಬೆಣ್ಣೆಯಂಥ ಚಕ್ರ. ಕಂಬದ ಮೇಲಿಟ್ಟರೆ ಕೂರಲಿಲ್ಲ. ಅದರ ಹಲ್ಲಿನ ಎಣಿಕೆಯೇ ಬೇರೆ, ಕಂಬದ ಎಣಿಕೆಯೇ ಬೇರೆ. ಅಂಗಡಿಯವನನ್ನು ದೂರುವಂತಿಲ್ಲ. ಹಲ್ಲು ಎಣಿಸಿಕೊಂಡು ಹೋಗದೆ ಅಗಲವನ್ನಷ್ಟೇ ಮೊಳ ಹಾಕಿಕೊಂಡು ಹೋದವನು ನಾನು. ಹೀಗಾಗಿ, ಮಹಾಪ್ರಭುಗಳು ದೊಡ್ಡ ಮನಸ್ಸು ಮಾಡಿ ಮೊಳೆಯಿಂದ ಇಳಿದು, ಮತ್ತೆ ಅದೇ ಕಂಬವನ್ನೇರಿ, ನಮ್ಮನ್ನು ಪಾಲಿಸಬೇಕಾಗಿ ಬೇಡುತ್ತೇನೆ.

ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ತಮ್ಮನ್ನು ತೆಗೆಯುವ ಮೊದಲೇ ಕಂಬದ ತುದಿಗೂ ಹೊಕ್ಕುಳಿಗೂ ಸೇರುವಂತೆ ಉಳಿಯಿಂದ ಒಂದು ಗೆರೆ ಹಾಕಿಕೊಳ್ಳಬೇಕಿತ್ತು. ಹಾಕಲಿಲ್ಲ. ಗಾಲಿಗಳು ನೆಟ್ಟಗಿರುವಾಗ ತಾವು ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ ಎಂಬುದು ಈಗ ಯಾರಿಗೂ ನೆನಪಿಲ್ಲ. ತಮ್ಮನ್ನು ಸುಮ್ಮನೆ ಕಂಬದ ಮೇಲಿಟ್ಟು, ಎಡಕ್ಕೆ ಕಡೆಯ ತನಕ ತಿರುಗಿಸಿ, ಅಲ್ಲಿಂದ ಬಲದ ಕಡೆಯ ತನಕ ಎಷ್ಟು ಸುತ್ತು ಎಂದು ಎಣಿಸಿ, ಅದರಲ್ಲಿ ಅರ್ಧ ಹಿಂದಕ್ಕೆ ಬಂದರೆ ನಡು ಸಿಗುತ್ತದೆ ಎಂದು ಲೇತಿನ ಹುಡುಗ ಹೇಳಿದ್ದಾನೆ. ಎಣಿಕೆಯ ನಡುವೆ ದಯಮಾಡಿ ಕುಚೋದ್ಯ ಮಾಡಬೇಡಿ. ನನಗೆ ಲೆಕ್ಕ ಅಷ್ಟಕ್ಕಷ್ಟೆ.

ಈ ಸಲ ಹಲ್ಲುಗಳಿಗೆ ಗ್ರೀಸು ಬಳಿಯುತ್ತೇನೆ. ಮುಂದಿನ ಗಾಜನ್ನೂ ಹಾಕಿಸಿದ್ದೇನೆ. ನಮ್ಮಜ್ಜ ಎತ್ತಿನ ಗಾಡಿಗೆ ತಪ್ಪದೆ ಕೀಲೆಣ್ಣೆ ಹಾಕುತ್ತಿದ್ದರು. ಎತ್ತಿಗೆ ಹಿಂಡಿ ಇಡುವುದು ತಡವಾದರೂ ಕೀಲೆಣ್ಣೆ ತಡವಾಗುತ್ತಿರಲಿಲ್ಲ. ತಮ್ಮ ಬಿರುಕುಗಳಿಗೆ ತುಂಬಲು ಎಂ-ಸೀಲ್ ತಂದಿಟ್ಟಿದ್ದೇನೆ. ಮೇಲೆ ಬಳಿಯಲು ಬಣ್ಣ ತರಲು ಹೋದವನು ಅಂಗಡಿಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ. ನಿಯಮ ಹೇಳುವುದು ಗಾಡಿಯ ಮೈಬಣ್ಣಕ್ಕೆ. ಒಳಗಿನ ಚಕ್ರಕ್ಕೆ ಯಾವ ಬಣ್ಣ ಎಂದು ಯಾರು ಬಂದು ನೋಡುತ್ತಾರೆ? ಸಣ್ಣ ಡಬ್ಬಿಯ ಹಸಿರು ತಂದಿದ್ದೇನೆ.

ನಾಳೆ ಬೆಳಿಗ್ಗೆ ಹಾಲು ಕರೆದಾದ ಮೇಲೆ ಬರುತ್ತೇನೆ. ಹೆಬ್ಬೆರಳನ್ನು ಹೊರಗೇ ಇಟ್ಟುಕೊಂಡಿರುತ್ತೇನೆ.

ಇಂತಿ,
ತಮ್ಮ ವಿಧೇಯ ಹಾಗೂ ಒಂದೂವರೆ ಹುಬ್ಬಿನ
ಲಾರಿ ಮಾಲೀಕ